ಲೋಕಗಳನ್ನೇ ನುಂಗಿದ ಖಳನಾಯಕ: 1985ರ ಆ ಕಾಮಿಕ್ಸ್ ಹಿಂದಿದ್ದದ್ದು ಕಂಪನಿಯ ಸ್ಟಾಕ್ ಲೆಕ್ಕ!

ಒಂದೇ ಸಿನಿಮಾದಲ್ಲಿ ಮೂವರು ಸ್ಪೈಡರ್‌ಮ್ಯಾನ್. ಇನ್ನೊಂದರಲ್ಲಿ ಹಳೇ ಬ್ಯಾಟ್‌ಮ್ಯಾನ್, ಹೊಸ ಬ್ಯಾಟ್‌ಮ್ಯಾನ್ ಇಬ್ಬರೂ ಹಾಜರ್. ಮೊಬೈಲ್ ಹಿಡಿದು ಕೂತ ಮಕ್ಕಳಿಗೆ ಈ ‘ಮಲ್ಟಿವರ್ಸ್’ ಅನ್ನೋದು ನೀರು ಕುಡಿದಷ್ಟು ಸಲೀಸು. ಪಕ್ಕದಲ್ಲಿ ಕೂತ ಅಪ್ಪ-ಅಮ್ಮನಿಗೆ ಮಾತ್ರ ತಲೆಬುಡ ಗೊತ್ತಾಗಲ್ಲ. ಸತ್ತವನು ಹೇಗೆ ಬಂದ? ಇವನು ಅವನೇನಾ, ಬೇರೆಯವನಾ?

ಈ ಗೊಂದಲ ಇವತ್ತಿನದಲ್ಲ. ನಲವತ್ತು ವರ್ಷದ ಹಿಂದೆ ಅಮೆರಿಕದ ಡಿಸಿ ಕಾಮಿಕ್ಸ್ ಕಂಪನಿಗೇ ಇದೇ ತಲೆನೋವು ಬಂದಿತ್ತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್‌ಗಳ ಒಡೆತನ ಇರುವ ಕಂಪನಿ ಅದು. ಪರಿಹಾರಕ್ಕೆ ಅದು ಹುಟ್ಟುಹಾಕಿದ್ದು ಒಬ್ಬ ಖಳನಾಯಕನನ್ನು. ಅವನ ಹೆಸರು ಆಂಟಿ-ಮಾನಿಟರ್. ಅವನ ಸಂಚು ಒಂದೇ ಸಾಲಿನದು: ಇರೋ ಲೋಕಗಳನ್ನೆಲ್ಲ ಅಳಿಸಿ, ತನ್ನದೊಂದನ್ನೇ ಉಳಿಸಿಕೊಳ್ಳುವುದು. ಕಥೆಯ ಹೆಸರು ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’, ಅಂದರೆ ಲೆಕ್ಕವಿಲ್ಲದಷ್ಟು ಭೂಮಿಗಳಿಗೆ ಬಂದ ಆಪತ್ತು. ಒಟ್ಟು 12 ಸಂಚಿಕೆ. ಮೊದಲನೆಯದರ ಮೇಲೆ 1985ರ ಏಪ್ರಿಲ್ ಅಂತ, ಕೊನೆಯದರ ಮೇಲೆ 1986ರ ಮಾರ್ಚ್ ಅಂತ ಅಚ್ಚಾಗಿದೆ. ಬರೆದವರು ಮಾರ್ವ್ ವುಲ್ಫ್‌ಮನ್, ಚಿತ್ರ ಬರೆದವರು ಜಾರ್ಜ್ ಪೆರೆಜ್.

ಖಳನಾಯಕನ ಸಂಚು ಅರ್ಥವಾಗಬೇಕಾದರೆ ಮೊದಲು ಅಂಗಡಿಯ ಹಳೇ ಸ್ಟಾಕ್ ನೋಡಬೇಕು.

ಎರಡನೇ ಭೂಮಿ ಹುಟ್ಟಿದ್ದು ಹೀಗೆ

1940ರಲ್ಲಿ ‘ಫ್ಲ್ಯಾಶ್’ ಅನ್ನೋ ನಾಯಕ ಬಂದ. ಗಾಳಿಗಿಂತ ಜೋರಾಗಿ ಓಡೋನು. ನಿಜ ಹೆಸರು ಜೇ ಗ್ಯಾರಿಕ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥ ಪುಸ್ತಕಗಳ ವ್ಯಾಪಾರ ಬಿತ್ತು, ಅವನ ಪುಸ್ತಕವೂ ನಿಂತುಹೋಯಿತು. 1956ರಲ್ಲಿ ಕಂಪನಿ ಅದೇ ಹೆಸರಿಗೆ ಹೊಸ ಮನುಷ್ಯನನ್ನು ತಂದಿತು. ಹೊಸ ವೇಷ, ಹೊಸ ಹೆಸರು: ಬ್ಯಾರಿ ಆ್ಯಲನ್. ಹಳಬನ ಕಥೆ ಏನಾಯ್ತು ಅಂತ ಯಾರೂ ಕೇಳಲಿಲ್ಲ. ಬೋರ್ಡ್ ಅದೇ, ಮಾಲೀಕ ಬೇರೆ ಅನ್ನೋ ಹಾಗಾಯಿತು.

1961ರಲ್ಲಿ ಗಾರ್ಡ್‌ನರ್ ಫಾಕ್ಸ್ ಅನ್ನೋ ಲೇಖಕರು ಒಂದು ಕಥೆ ಬರೆದರು. ಕಾರ್ಮೈನ್ ಇನ್‌ಫ್ಯಾಂಟಿನೋ ಚಿತ್ರ ಬರೆದರು. ಅದರಲ್ಲಿ ಹೊಸ ಫ್ಲ್ಯಾಶ್ ಅತಿ ವೇಗದಲ್ಲಿ ಕಂಪಿಸುತ್ತಾ ಇದ್ದಕ್ಕಿದ್ದಂತೆ ಬೇರೊಂದು ಭೂಮಿಗೆ ಹೋಗಿಬಿಡುತ್ತಾನೆ. ಅಲ್ಲಿ ಹಳೇ ಫ್ಲ್ಯಾಶ್ ಬದುಕಿದ್ದಾನೆ! ಎರಡೂ ಭೂಮಿ ಇರೋದು ಒಂದೇ ಜಾಗದಲ್ಲಿ, ಕಂಪನದ ವೇಗ ಮಾತ್ರ ಬೇರೆ, ಅದಕ್ಕೇ ಒಂದಕ್ಕೊಂದು ಕಾಣಲ್ಲ ಅನ್ನೋದು ಅವರ ವಿವರಣೆ. ರೇಡಿಯೋದಲ್ಲಿ ಮುಳ್ಳು ಸ್ವಲ್ಪ ಸರಿದರೆ ಬೇರೆ ಸ್ಟೇಷನ್ ಸಿಗುತ್ತಲ್ಲ, ಹಾಗೆ. ಇನ್ನೊಂದು ತಮಾಷೆಯೂ ಆ ಕಥೆಯಲ್ಲಿದೆ. ಹೊಸ ಫ್ಲ್ಯಾಶ್‌ಗೆ ಹಳೇ ಫ್ಲ್ಯಾಶ್ ಕಾಮಿಕ್ಸ್ ಓದಿ ಗೊತ್ತು. ಅದನ್ನು ಬರೆದ ಫಾಕ್ಸ್ ಅವರಿಗೆ ಕನಸಿನಲ್ಲಿ ಆ ಇನ್ನೊಂದು ಲೋಕ ಕಾಣುತ್ತಿದ್ದಿರಬೇಕು ಅಂತ ಅವನೇ ಹೇಳುತ್ತಾನೆ.

ಓದುಗರಿಗೆ ಇದು ಹಿಡಿಸಿತು. 1963ರಿಂದ ಎರಡು ಭೂಮಿಗಳ ನಾಯಕರ ಭೇಟಿ ವರ್ಷ ವರ್ಷವೂ ನಡೆಯೋ ಜಾತ್ರೆಯಾಯಿತು. ಮರುವರ್ಷವೇ ಮೂರನೇ ಭೂಮಿ ಬಂತು. ಅಲ್ಲಿ ಎಲ್ಲ ಉಲ್ಟಾ: ಸೂಪರ್‌ಮ್ಯಾನ್‌ನಂಥವರೆಲ್ಲ ಕಳ್ಳರು, ಲೆಕ್ಸ್ ಲೂಥರ್ ಒಬ್ಬನೇ ಒಳ್ಳೆಯವನು.

ಕೊಂಡ ಕಂಪನಿಗೊಂದು ಭೂಮಿ

ವ್ಯಾಪಾರಸ್ಥರಿಗೆ ಕುತೂಹಲ ಹುಟ್ಟಿಸುವ ಭಾಗ ಇದು. 1950ರ ದಶಕದಿಂದ ಬೇರೆ ಬೇರೆ ಕಾಮಿಕ್ಸ್ ಕಂಪನಿಗಳು ಬಾಗಿಲು ಹಾಕುತ್ತಾ ಬಂದಂತೆ ಅವುಗಳ ನಾಯಕರು ಡಿಸಿ ಕೈಗೆ ಬಂದರು. ಕ್ವಾಲಿಟಿ ಅನ್ನೋ ಕಂಪನಿಯವರು 1956ರಲ್ಲಿ ಪ್ರಕಟಣೆ ನಿಲ್ಲಿಸಿದರು, ಅವರ ಪಾತ್ರಗಳು ಡಿಸಿಗೆ ಬಂದವು. ಅವರಿಗೊಂದು ಭೂಮಿ, ಹೆಸರು ‘ಅರ್ಥ್-ಎಕ್ಸ್’. ಚಾರ್ಲ್‌ಟನ್ ಕಂಪನಿಯ ಪಾತ್ರಗಳನ್ನು 1983ರಲ್ಲಿ ಕೊಂಡರು. ಅವರಿಗೆ ‘ಅರ್ಥ್-ಫೋರ್’.

ಫಾಸೆಟ್ ಕಂಪನಿಯ ಕಥೆ ಇನ್ನೂ ಸ್ವಾರಸ್ಯ. ಅವರ ‘ಕ್ಯಾಪ್ಟನ್ ಮಾರ್ವೆಲ್’ 1940ರ ದಶಕದಲ್ಲಿ ಸೂಪರ್‌ಮ್ಯಾನ್‌ಗೇ ಮಾರಾಟದಲ್ಲಿ ಸೆಡ್ಡು ಹೊಡೆದವನು. ನಮ್ಮ ಪಾತ್ರದ ನಕಲು ಅಂತ ಸೂಪರ್‌ಮ್ಯಾನ್ ಕಡೆಯವರು ಕೇಸ್ ಹಾಕಿದರು. ವರ್ಷಗಟ್ಟಲೆ ಕೋರ್ಟು ಅಲೆದು, 1953ರಲ್ಲಿ ರಾಜಿ ಮಾಡಿಕೊಂಡು ಫಾಸೆಟ್ ಕಾಮಿಕ್ಸ್ ವ್ಯಾಪಾರವನ್ನೇ ಬಿಟ್ಟಿತು. ಕೊನೆಗೆ 1972ರಲ್ಲಿ ಅದೇ ಪಾತ್ರದ ಹಕ್ಕನ್ನು ಡಿಸಿಯೇ ದುಡ್ಡು ಕೊಟ್ಟು ಪಡೆಯಿತು! ಅಷ್ಟರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಅನ್ನೋ ಹೆಸರು ಮಾರ್ವೆಲ್ ಕಂಪನಿ ಪಾಲಾಗಿತ್ತು. ಹಾಗಾಗಿ ಪುಸ್ತಕದ ಹೆಸರು ‘ಶಜಾಮ್’ ಆಯಿತು. 2019ರಲ್ಲಿ ಸಿನಿಮಾ ಬಂದಿದ್ದು ಇವನದೇ. ಇವನಿಗೆ ಕೊಟ್ಟ ಭೂಮಿ ‘ಅರ್ಥ್-ಎಸ್’.

ಹೀಗೆ ಒಂದೊಂದು ಗೋಡೌನ್‌ಗೆ ಒಂದೊಂದು ಭೂಮಿ ಅಂತ ಹೆಚ್ಚುತ್ತಾ ಹೋಯಿತು. ಕಥೆಗೆ ಒಗ್ಗದ್ದೆಲ್ಲ ಇನ್ನೊಂದು ಭೂಮಿಯಲ್ಲಿ ನಡೆದಿದ್ದು ಅಂದುಬಿಟ್ಟರೆ ಮುಗೀತು. ಆದರೆ ಯಾವ ಸರಕು ಯಾವ ಗೋಡೌನಲ್ಲಿದೆ ಅನ್ನೋದು ಬರೆಯುವವರಿಗೇ ಮರೆತುಹೋಗತೊಡಗಿತು. 1981ರಲ್ಲಿ ‘ಗ್ರೀನ್ ಲ್ಯಾಂಟರ್ನ್’ ಪುಸ್ತಕಕ್ಕೆ ಒಬ್ಬ ಓದುಗರು ಪತ್ರ ಬರೆದು, ಕಥೆಯಲ್ಲಿ ಹಿಂದಿನದಕ್ಕೂ ಈಗಿನದಕ್ಕೂ ತಾಳೆ ಇಲ್ಲ ಅಂತ ತಪ್ಪು ಹಿಡಿದರು. ಆ ವಿಭಾಗ ನೋಡಿಕೊಳ್ಳುತ್ತಿದ್ದ ವುಲ್ಫ್‌ಮನ್, ಮುಂದೊಂದು ದಿನ ಎಲ್ಲ ಸರಿಮಾಡ್ತೀವಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಆ ಕಾಲಕ್ಕೆ ಮಾರಾಟದಲ್ಲಿ ಮಾರ್ವೆಲ್ ಮುಂದಿತ್ತು, ಡಿಸಿ ಹಿಂದೆ ಬಿದ್ದಿತ್ತು. ಹೊಸದಾಗಿ ಬರುವ ಗಿರಾಕಿಗೆ ನಮ್ಮ ಅಂಗಡಿ ಅರ್ಥವೇ ಆಗಲ್ಲ ಅನ್ನೋದು ಒಳಗಿನವರ ಅಳಲು.

ಕೆಲಸಕ್ಕೆ ಕೈಹಾಕಿದವರು ಅರೆಬರೆ ಮಾಡಲಿಲ್ಲ. 1930ರ ದಶಕದಿಂದ ಅಚ್ಚಾದ ಕಂಪನಿಯ ಹಳೇ ಪುಸ್ತಕಗಳನ್ನೆಲ್ಲ ಓದಿ ಟಿಪ್ಪಣಿ ಮಾಡಲು ಪೀಟರ್ ಸ್ಯಾಂಡರ್‌ಸನ್ ಅನ್ನೋರನ್ನು ನೇಮಿಸಿದರು. ಅದಕ್ಕೇ ಅಂದುಕೊಂಡಿದ್ದಕ್ಕಿಂತ ತಡವಾಗಿ, ಕಂಪನಿಗೆ 50 ವರ್ಷ ತುಂಬುವ 1985ಕ್ಕೆ ಕಥೆ ಹೊರಬಂತು.

ಸಂಚು ಏನು?

ಕಥೆಯ ಪ್ರಕಾರ ಮೊದಲಿಗೆ ಇದ್ದದ್ದು ಒಂದೇ ವಿಶ್ವ. ಕ್ರೋನಾ ಅನ್ನೋ ವಿಜ್ಞಾನಿ ಸೃಷ್ಟಿಯ ಆರಂಭವನ್ನೇ ಕಣ್ಣಾರೆ ನೋಡ್ತೀನಿ ಅಂತ ಹೊರಟ. ನೋಡಬಾರದ್ದನ್ನು ನೋಡಿದ್ದಕ್ಕೆ ವಿಶ್ವ ಒಡೆದು ಲೆಕ್ಕವಿಲ್ಲದಷ್ಟು ವಿಶ್ವಗಳಾದವು. ಜತೆಗೆ ಎಲ್ಲಕ್ಕೂ ಎದುರಾಗಿ ಒಂದೇ ಒಂದು ಪ್ರತಿವಸ್ತುವಿನ ವಿಶ್ವ, ಅಂದರೆ ಆಂಟಿಮ್ಯಾಟರ್ ವಿಶ್ವ ಹುಟ್ಟಿತು. ಈ ಕಡೆ ಹುಟ್ಟಿದವನು ಮಾನಿಟರ್, ಆ ಕಡೆ ಹುಟ್ಟಿದವನು ಆಂಟಿ-ಮಾನಿಟರ್. ಕನ್ನಡಿಯ ಆಚೆ ಈಚೆ ನಿಂತ ಹಾಗೆ.

ಆಂಟಿಮ್ಯಾಟರ್ ಅನ್ನೋದು ಬರೀ ಕಟ್ಟುಕಥೆ ಅಲ್ಲ. ಪಾಲ್ ಡಿರಾಕ್ ಎಂಬ ವಿಜ್ಞಾನಿ 1928ರಲ್ಲಿ ಬರೆದ ಸಮೀಕರಣದಲ್ಲೇ ಅದರ ಸುಳಿವಿತ್ತು. 1932ರಲ್ಲಿ ಪ್ರಯೋಗದಲ್ಲೂ ಸಿಕ್ಕಿತು. ವಸ್ತು ಮತ್ತು ಪ್ರತಿವಸ್ತುವಿನ ಕಣಗಳು ಎದುರುಬದುರಾದರೆ ಎರಡೂ ಇಲ್ಲವಾಗಿ ಶಕ್ತಿಯಾಗುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ನಡೆಯೋದು ಇದೇ ತತ್ವದ ಮೇಲೆ. ಕಥೆಗಾರರು ಅದನ್ನೇ ಕೋಟಿಪಟ್ಟು ದೊಡ್ಡದು ಮಾಡಿದರು.

ಆಂಟಿ-ಮಾನಿಟರ್ ಪ್ರತಿವಸ್ತುವಿನ ಅಲೆಯನ್ನು ಒಂದೊಂದೇ ವಿಶ್ವದ ಮೇಲೆ ಬಿಡುತ್ತಾನೆ. ಪೆರೆಜ್ ಅದನ್ನು ಬರೆದಿರೋದು ಒಂದು ಬಿಳಿ ಗೋಡೆಯಾಗಿ. ಬೆಂಕಿ ಇಲ್ಲ, ಹೊಗೆ ಇಲ್ಲ. ಊರು, ಜನ, ಆಕಾಶದ ಮೇಲೆ ಬಿಳಿ ಹರಿದುಬರುತ್ತೆ, ಹಿಂದೆ ಖಾಲಿ ಹಾಳೆ ಉಳಿಯುತ್ತೆ. ಚಿತ್ರವನ್ನು ಯಾರೋ ರಬ್ಬರ್‌ನಿಂದ ಉಜ್ಜಿದಂತೆ. ಒಂದು ವಿಶ್ವ ಅಳಿದ ಹಾಗೆಲ್ಲ ಅವನ ವಿಶ್ವ ಬೆಳೆಯುತ್ತೆ, ಅವನ ಬಲ ಹೆಚ್ಚುತ್ತೆ. ಎದುರಾಳಿ ಮಾನಿಟರ್ ಅಷ್ಟೇ ಸೊರಗುತ್ತಾನೆ. ಮೊದಲ ಸಂಚಿಕೆಯಲ್ಲೇ ಆ ಮೂರನೇ ಭೂಮಿ ಹೋಗುತ್ತೆ. ಅಲ್ಲಿನ ಒಳ್ಳೇ ಲೂಥರ್ ತನ್ನ ಹಸುಗೂಸು ಅಲೆಕ್ಸಾಂಡರ್‌ನನ್ನು ಇನ್ನೊಂದು ಭೂಮಿಗೆ ಕಳಿಸಿ ತಾನು ಹೆಂಡತಿ ಜತೆ ಸಾಯುತ್ತಾನೆ. ಸೂಪರ್‌ಮ್ಯಾನ್ ಹುಟ್ಟಿದ ಕಥೆಯೇ ತಿರುಗಿ ಬಂದಂತೆ.

ಮಾನಿಟರ್ ಸುಮ್ಮನೆ ಕೂರಲಿಲ್ಲ. ಅಸಲಿಗೆ ಅವನನ್ನು ಕಂಪನಿ 1982ರಿಂದಲೇ ಬೇರೆ ಬೇರೆ ಪುಸ್ತಕಗಳಲ್ಲಿ ಕಳ್ಳರಿಗೆ ಆಯುಧ ಒದಗಿಸುವ ನಿಗೂಢ ಆಸಾಮಿ ಅಂತ ತೋರಿಸುತ್ತಾ ಬಂದಿತ್ತು. ನಾಯಕರ ಬಲ ಎಷ್ಟಿದೆ ಅಂತ ಅವನು ಪರೀಕ್ಷೆ ಮಾಡುತ್ತಿದ್ದ ಅನ್ನೋದು ಆಮೇಲೆ ಗೊತ್ತಾಗುತ್ತೆ. ತಾನು ಸಾಕಿ ಬೆಳೆಸಿದ ಹುಡುಗಿಯ ಕೈಯಲ್ಲೇ ತನ್ನ ಸಾವು ಅಂತ ಅವನಿಗೆ ಗೊತ್ತಿತ್ತು. ಸಾವಿನಿಂದ ಹೊಮ್ಮಿದ ಶಕ್ತಿಯಲ್ಲಿ ಉಳಿದ ಭೂಮಿಗಳನ್ನು ತಾತ್ಕಾಲಿಕವಾಗಿ ಮರೆಮಾಡುವುದೇ ಅವನ ಯೋಜನೆ.

ಕೊನೆಗೆ ಉಳಿದ ಭೂಮಿಗಳು ಐದು: ಒಂದನೆಯದು, ಎರಡನೆಯದು, ಫೋರ್, ಎಸ್, ಎಕ್ಸ್. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೊದಲೆರಡು ಕಂಪನಿಯ ಸ್ವಂತ ಅಂಗಡಿ. ಉಳಿದ ಮೂರು ದುಡ್ಡು ಕೊಟ್ಟು ಹಕ್ಕು ತಂದ ಸರಕು. ಲೆಕ್ಕವಿಲ್ಲದಷ್ಟು ವಿಶ್ವ ನುಂಗಿದ ರಾಕ್ಷಸ ಸರಿಯಾಗಿ ಈ ಐದರ ಹತ್ತಿರ ಬಂದು ತಡವರಿಸಿದ್ದು ಕಾಕತಾಳೀಯ ಅಂತ ಯಾವ ಲೆಕ್ಕಪತ್ರದವರೂ ಒಪ್ಪಲ್ಲ. ಬೆಲೆ ಇಲ್ಲದ್ದನ್ನು ಖಳನಾಯಕನ ಕೈಯಲ್ಲಿ ಗುಡಿಸಿಸಿ, ಬೆಲೆ ಇದ್ದದ್ದನ್ನು ನಾಯಕರ ಕೈಯಲ್ಲಿ ಉಳಿಸಿಕೊಂಡರು.

ಸತ್ತವರು ಯಾರು?

ಏಳನೇ ಸಂಚಿಕೆಯಲ್ಲಿ ನಾಯಕರು ಆಂಟಿಮ್ಯಾಟರ್ ವಿಶ್ವಕ್ಕೇ ನುಗ್ಗುತ್ತಾರೆ. ಸೂಪರ್‌ಮ್ಯಾನ್ ಬಿದ್ದಾಗ ಅವನನ್ನು ಉಳಿಸಲು ಎದುರು ನಿಂತವಳು ಸೂಪರ್‌ಗರ್ಲ್, ವರಸೆಯಲ್ಲಿ ಅವನ ಚಿಕ್ಕಪ್ಪನ ಮಗಳು. ಅವಳು ಅಲ್ಲೇ ಸಾಯುತ್ತಾಳೆ. ತಂಗಿಯ ಹೆಣ ಎತ್ತಿಕೊಂಡು ಅಳುವ ಸೂಪರ್‌ಮ್ಯಾನ್‌ನ ಆ ಮುಖಪುಟ ಕಾಮಿಕ್ಸ್ ಪ್ರಪಂಚದಲ್ಲಿ ತುಂಬಾ ಹೆಸರಾದ ಚಿತ್ರ. ಎಂಟನೆಯದರಲ್ಲಿ ಬ್ಯಾರಿ ಆ್ಯಲನ್. ಭೂಮಿಯತ್ತ ಗುರಿಯಿಟ್ಟ ಪ್ರತಿವಸ್ತುವಿನ ಫಿರಂಗಿಯ ಶಕ್ತಿಯನ್ನು ಅದರ ಮೇಲೇ ತಿರುಗಿಸಲು ಅವನು ಸುತ್ತ ಓಡುತ್ತಾನೆ, ಓಡುತ್ತಾನೆ, ಮೈ ಕರಗಿ ಬರೀ ಬಟ್ಟೆ ಉಳಿಯುತ್ತೆ. ಮೊದಲು ಇನ್ನೊಂದು ಭೂಮಿಗೆ ದಾರಿ ಹುಡುಕಿದವನೇ ಹೀಗೆ ಹೋದ. ಅವನ ಸ್ವಂತ ಪುಸ್ತಕವನ್ನೂ ಕಂಪನಿ 350ನೇ ಸಂಚಿಕೆಗೆ ಅದೇ ವರ್ಷ ನಿಲ್ಲಿಸಿತು.

ಸೂಪರ್‌ಗರ್ಲ್ ಸಾವಿಗೂ ಅಂಗಡಿಯ ಕಾರಣವಿತ್ತು. ಸೂಪರ್‌ಮ್ಯಾನ್ ಅಂದರೆ ನಾಶವಾದ ಗ್ರಹದಿಂದ ಬದುಕಿ ಬಂದ ಒಬ್ಬನೇ ಒಬ್ಬ ಅಂತಿರಬೇಕು ಅನ್ನೋದು ಹೊಸ ಯೋಜನೆ. ತಂಗಿ ಇದ್ದರೆ ‘ಒಬ್ಬನೇ’ ಅನ್ನೋಕಾಗಲ್ಲವಲ್ಲ.

ಹತ್ತನೇ ಸಂಚಿಕೆಗೆ ಆಂಟಿ-ಮಾನಿಟರ್ ತನ್ನ ಕೊನೆಯ ದಾಳ ಉರುಳಿಸುತ್ತಾನೆ. ಒಂದೊಂದೇ ಲೋಕ ಅಳಿಸುವ ತಾಪತ್ರಯವೇ ಬೇಡ, ನೇರ ಸೃಷ್ಟಿಯ ಆರಂಭಕ್ಕೆ ಹೋಗಿ ಈ ವಿಶ್ವಗಳು ಹುಟ್ಟದ ಹಾಗೇ ಮಾಡಿಬಿಡೋಣ ಅನ್ನೋ ಸಂಚು ಅದು. ನಾಯಕರೂ ಬೆನ್ನಟ್ಟಿ ಹೋಗುತ್ತಾರೆ. ಅಲ್ಲಿ ಸ್ಪೆಕ್ಟರ್ ಅನ್ನೋ ದೈವೀಶಕ್ತಿಯ ಪಾತ್ರ ಅವನಿಗೆ ಎದುರಾಗುತ್ತೆ. ಢಿಕ್ಕಿಯ ರಭಸಕ್ಕೆ ಎಲ್ಲ ಚೂರುಚೂರು. ಕಣ್ಣು ಬಿಟ್ಟಾಗ ಐದು ಭೂಮಿ ಸೇರಿ ಒಂದೇ ಆಗಿದೆ. ಈಗ ಒಂದಾಗಿದೆ ಅಂತ ಅಲ್ಲ, ಮೊದಲಿನಿಂದಲೂ ಒಂದೇ ಇತ್ತು ಅನ್ನೋ ಹಾಗಾಗಿದೆ.

ಪಹಣಿಯಲ್ಲಿ ಹೆಸರೇ ಇಲ್ಲ

ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟೋದು ಈ ಹನ್ನೊಂದನೇ ಸಂಚಿಕೆ. ಎರಡನೇ ಭೂಮಿಯ ಸೂಪರ್‌ಮ್ಯಾನ್ ಅಂದರೆ 1938ರಲ್ಲಿ ಶುರುವಾದ ಮೂಲ ಸೂಪರ್‌ಮ್ಯಾನ್. ವಯಸ್ಸಾಗಿದೆ, ಕಿವಿ ಹತ್ತಿರ ಕೂದಲು ಬೆಳ್ಳಗಾಗಿದೆ. ಲೋಯಿಸ್‌ಳನ್ನು ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದವನು. ಎಂದಿನಂತೆ ತನ್ನ ಪತ್ರಿಕೆಯ ಆಫೀಸಿಗೆ ಹೋದರೆ ಅವನನ್ನು ಗುರುತು ಹಿಡಿಯೋರೇ ಇಲ್ಲ. ಆ ಹೆಸರಿನಲ್ಲಿ ಬೇರೊಬ್ಬ ಕೂತಿದ್ದಾನೆ. ಮನೆ ಇಲ್ಲ, ಹೆಂಡತಿ ಇಲ್ಲ, ಅವಳು ಇದ್ದಳು ಅನ್ನೋದಕ್ಕೆ ಪುರಾವೆಯೂ ಇಲ್ಲ. ತಲೆಮಾರಿನಿಂದ ಉಳುತ್ತಾ ಬಂದ ಜಮೀನಿನ ಪಹಣಿ ತೆಗೆಸಿದಾಗ ತನ್ನ ಹೆಸರೇ ಇಲ್ಲದಿದ್ದರೆ ರೈತನಿಗೆ ಏನಾಗುತ್ತೋ ಅದೇ ಪಾಡು.

ಹಂಟ್ರೆಸ್ ಕಥೆ ಇನ್ನೂ ಕಷ್ಟ. ಅವಳು ಎರಡನೇ ಭೂಮಿಯ ಬ್ಯಾಟ್‌ಮ್ಯಾನ್‌ನ ಮಗಳು. ಹೊಸ ಲೋಕದಲ್ಲಿ ಬ್ಯಾಟ್‌ಮ್ಯಾನ್‌ಗೆ ಮದುವೆಯೇ ಆಗಿಲ್ಲ. ಹಾಗಾದರೆ ಇವಳು ಯಾರ ಮಗಳು? ಹನ್ನೆರಡನೇ ಸಂಚಿಕೆಯಲ್ಲಿ ಅವಳನ್ನೂ, ಅದೇ ಭೂಮಿಯ ರಾಬಿನ್‌ನನ್ನೂ ಕಥೆಗಾರರು ಸಾಯಿಸಿಬಿಡುತ್ತಾರೆ. ಲೆಕ್ಕಕ್ಕೆ ಸಿಗದವರನ್ನು ಹೊಡೆದುಹಾಕಿದ ಹಾಗೆ.

ಕೊನೆಯ ಕಾಳಗದಲ್ಲಿ ಆಂಟಿ-ಮಾನಿಟರ್‌ಗೆ ಅಂತಿಮ ಹೊಡೆತ ಕೊಡೋದು ಈ ವಯಸ್ಸಾದ ಸೂಪರ್‌ಮ್ಯಾನೇ. ಆಮೇಲೆ ಗೊತ್ತಾಗುತ್ತೆ, ಲೋಯಿಸ್‌ಳನ್ನು ಅಲೆಕ್ಸಾಂಡರ್ ಮೊದಲೇ ಕಾಪಾಡಿ ಇಟ್ಟಿದ್ದ ಅಂತ. ಗಂಡ-ಹೆಂಡತಿ, ಅಲೆಕ್ಸಾಂಡರ್, ಜತೆಗೆ ಇನ್ನೊಂದು ಅಳಿದ ಭೂಮಿಯ ಹುಡುಗ ಸೂಪರ್‌ಬಾಯ್, ನಾಲ್ವರೂ ಲೋಕದಾಚೆಗಿನ ಒಂದು ಸ್ವರ್ಗದಂಥ ಜಾಗಕ್ಕೆ ಹೋಗುತ್ತಾರೆ. ಈ ಕಡೆ ಹಳೇ ಲೋಕಗಳ ನೆನಪು ಇರೋದು ಸೈಕೋ-ಪೈರೇಟ್ ಅನ್ನೋ ಕಳ್ಳನಿಗೆ. ಅವನಿರೋದು ಹುಚ್ಚಾಸ್ಪತ್ರೆಯಲ್ಲಿ. ನಿಜ ಹೇಳಿದರೂ ನಂಬೋರಿಲ್ಲ.

ಈಗ ಲೆಕ್ಕ ಹಾಕಿ. ಆಂಟಿ-ಮಾನಿಟರ್‌ಗೆ ಬೇಕಿದ್ದದ್ದು ಒಂದೇ ವಿಶ್ವ. ಕಂಪನಿಗೆ ಬೇಕಿದ್ದದ್ದೂ ಒಂದೇ ವಿಶ್ವ. ಅವನು ಸೋತ, ಆದರೆ ಅವನ ಕೆಲಸದ ಮುಕ್ಕಾಲು ಪಾಲು ಹಾಗೇ ಉಳೀತು. ನಾಯಕರು ಗೆದ್ದ ಮೇಲೂ ಅಳಿದ ಒಂದು ಲೋಕವೂ ವಾಪಸ್ ಬರಲಿಲ್ಲ. ಮಕ್ಕಳಾಗಿದ್ದಾಗಿನಿಂದ ಆ ಕಥೆ ಓದಿದ ಗಿರಾಕಿಗಳಿಗೆ ಕಂಪನಿ ಹೇಳಿದ್ದು ಇಷ್ಟು: ನೀವು ಓದಿದ್ದು ನಡೆದೇ ಇಲ್ಲ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಉಪಾಯ ಫಲಿಸಿತು. 1986ರಲ್ಲಿ ಜಾನ್ ಬರ್ನ್ ಸೂಪರ್‌ಮ್ಯಾನ್ ಕಥೆಯನ್ನು ಮೊದಲಿನಿಂದ ಬರೆದರು. 1987ರಲ್ಲಿ ಫ್ರ್ಯಾಂಕ್ ಮಿಲ್ಲರ್ ಬ್ಯಾಟ್‌ಮ್ಯಾನ್‌ನ ಮೊದಲ ವರ್ಷದ ಕಥೆಯನ್ನು, ಪೆರೆಜ್ ಅವರೇ ಹೊಸ ವಂಡರ್ ವುಮನ್‌ಳನ್ನು ಕೊಟ್ಟರು. ಈ ಮೂರೂ ಇವತ್ತಿಗೂ ಓದಿಸಿಕೊಳ್ಳುತ್ತವೆ.

ಅಳಿಸಿದ್ದು ಮತ್ತೆ ಬಂತು

ಆದರೆ ನೆನಪು ಅಷ್ಟು ಸುಲಭಕ್ಕೆ ಹೋಗಲ್ಲ. 2005ರಲ್ಲಿ ‘ಇನ್ಫಿನಿಟ್ ಕ್ರೈಸಿಸ್’ ಅನ್ನೋ ಮುಂದುವರಿಕೆ ಶುರುವಾಯಿತು. ಸ್ವರ್ಗದಲ್ಲಿ ಕೂತ ಆ ನಾಲ್ವರೂ ತಿರುಗಿ ಬಂದರು. ಈ ಸಲ ಸಂಚು ಹೂಡಿದವನು ಅದೇ ಅಲೆಕ್ಸಾಂಡರ್. ಸತ್ತ ಆಂಟಿ-ಮಾನಿಟರ್‌ನ ದೇಹದ ಅವಶೇಷದಿಂದಲೇ ಗೋಪುರ ಕಟ್ಟಿ, ಹಳೇ ಲೋಕಗಳನ್ನು ಹುಟ್ಟಿಸಿ, ಅದರಲ್ಲಿ ಕುಂದಿಲ್ಲದ ಒಂದನ್ನು ಆರಿಸೋದು ಅವನ ಲೆಕ್ಕಾಚಾರ. ವಯಸ್ಸಾದ ಸೂಪರ್‌ಮ್ಯಾನ್ ಅವನ ಜತೆ ಸೇರಿದ್ದು ಬೇರೇನಕ್ಕೂ ಅಲ್ಲ. ಲೋಯಿಸ್ ಕಾಯಿಲೆ ಬಿದ್ದಿದ್ದಳು, ತನ್ನ ಭೂಮಿ ವಾಪಸ್ ಬಂದರೆ ಅವಳು ಬದುಕಬಹುದು ಅಂತ. ಬದುಕಲಿಲ್ಲ. ಕಡೆಗೆ ಅವನೂ ಆ ಸೂಪರ್‌ಬಾಯ್ ಕೈಯಲ್ಲೇ ಸತ್ತ. ಅವತ್ತಿನ ನಾಯಕರು ಇವತ್ತಿನ ಖಳರಾದರು. ಇದು ಮೊದಲ ಕಥೆಗಿಂತ ಕ್ರೂರ, ಕೆಲವು ಕಡೆ ಬೇಕಂತಲೇ ರಕ್ತ ಜಾಸ್ತಿ.

ಅದರ ಬೆನ್ನಿಗೇ ಬಂದ ‘52’ ಅನ್ನೋ ಕಥೆಯ ಕೊನೆಗೆ, ಅಂದರೆ 2007ರಲ್ಲಿ, ಬೇರೆ ಲೋಕಗಳು ಮತ್ತೆ ಬಂದವು, ಸಂಖ್ಯೆ ಐವತ್ತೆರಡು. 2008ರಲ್ಲಿ ಬ್ಯಾರಿ ಆ್ಯಲನ್ ಕೂಡ ವಾಪಸ್ ಓಡಿಬಂದ. ಸೂಪರ್‌ಗರ್ಲ್ ಅದಕ್ಕೂ ಮೊದಲೇ ಮರಳಿದ್ದಳು. ಖಾಲಿ ಮಾಡಿದ ಗೋಡೌನ್ ಮತ್ತೆ ತುಂಬಿತು.

ಓದೋ ಆಸಕ್ತಿ ಇದ್ದವರಿಗೆ ಹನ್ನೆರಡೂ ಸಂಚಿಕೆ ಸೇರಿಸಿದ ಒಂದೇ ಪುಸ್ತಕ ಇಂಗ್ಲಿಷ್‌ನಲ್ಲಿ ಸಿಗುತ್ತೆ. ಪೆರೆಜ್ 2022ರ ಮೇ ತಿಂಗಳಲ್ಲಿ ತೀರಿಕೊಂಡರು. ಒಂದೇ ಪುಟಕ್ಕೆ ಹತ್ತಾರು ಪಾತ್ರ ತುಂಬಿಸಿದರೂ ಒಬ್ಬೊಬ್ಬರ ಮುಖವೂ ಬೇರೆ ಕಾಣುವಂತೆ ಬರೆಯುವ ಅವರ ಕೈಚಳಕ ನೋಡೋದಕ್ಕಾದರೂ ಪುಸ್ತಕ ತಿರುವಿಹಾಕಬಹುದು. ಓದೋಕೆ ಪುರುಸೊತ್ತಿಲ್ಲದವರಿಗೆ ಅದೇ ಹೆಸರಿನ ಟಿವಿ ಕಥೆ ಇದೆ. 2019ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ ಐದು ಬೇರೆ ಬೇರೆ ಧಾರಾವಾಹಿಗಳಲ್ಲಿ ಒಂದೊಂದು ಕಂತು ಬಂತು. ಕಾರ್ಟೂನ್ ಇಷ್ಟಪಡೋ ಮಕ್ಕಳಿಗೆ 2024ರಲ್ಲಿ ಬಂದ ಮೂರು ಭಾಗದ ಆ್ಯನಿಮೇಷನ್ ಸಿನಿಮಾವೂ ಇದೆ. ಮೂರರಲ್ಲೂ ಕಥೆ ಒಂದೇ ರೀತಿ ಇಲ್ಲ. ಪಾತ್ರಗಳು ತುಂಬಾ ಇರೋದರಿಂದ ಪುಸ್ತಕದ ಮೊದಲ ಎರಡು ಸಂಚಿಕೆಯಲ್ಲಿ ಯಾರು ಯಾರು ಅಂತ ಗೊತ್ತಾಗದಿದ್ದರೆ ಬಿಡಬೇಡಿ, ಏಳನೆಯದಕ್ಕೆ ಬರೋ ಹೊತ್ತಿಗೆ ಹಿಡಿತ ಸಿಗುತ್ತೆ.